ಗೊರಬು ಹೊತ್ತ ಕಾರು

ಲಾಸ್ ವೇಗಾಸ್ ಬಿಟ್ಟು ಎರಡು ಗಂಟೆ ಕಳೆಯುವಷ್ಟರಲ್ಲಿ ಎದುರಿಗೆ ವಾಹನ ಬರುವುದೇ ನಿಂತುಹೋಗಿತ್ತು. ಹೈಕೊ ಅನ್ನುವಲ್ಲಿ ಒಂದಿಷ್ಟು ಮರ, ಒಂದಿಷ್ಟು ದನ. ಅಲ್ಲಿಂದ ನೆವಾಡದ 318ನೇ ಹೆದ್ದಾರಿ. ಎರಡೂ ಬದಿ ಬೂದು ಕುರುಚಲು, ಅದರಾಚೆ ಬೋಳು ಬೆಟ್ಟ, ನಡುವೆ ಎಳೆದ ಗೆರೆಯಂಥ ರಸ್ತೆ. ಮಲೆನಾಡಲ್ಲಿ ಹುಟ್ಟಿದವನ ಕಣ್ಣಿಗೆ ಇಷ್ಟು ದೂರ ನೋಡಿ ಅಭ್ಯಾಸವಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗದೆ ಅದು ಸುಮ್ಮನೆ ಓಡುತ್ತಲೇ ಇತ್ತು.

ನಮ್ಮ ಟ್ರೇಲರ್ ಮೇಲೆ ಗೆಳೆಯನ ನೀಲಿ ಕಾರು. ನಮ್ಮೂರಿನವನೇ, ಕ್ಯಾಲಿಫೋರ್ನಿಯಾ ಸೇರಿ ಇಪ್ಪತ್ತು ವರ್ಷವಾಯಿತು. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಮೂರು ವರ್ಷ ಗ್ಯಾರೇಜಿನಲ್ಲಿ ಕೂಡಿಸಿ ಕೂಡಿಸಿ ಮಾಡಿದ ಕಿಟ್ ಕಾರು ಇದು. ರೂಪ ಮಾತ್ರ ಹಳೆಯ ಶೆಲ್ಬಿ ಡೇಟೋನಾ ಕೂಪೆಯದು. ಪೀಟರ್ ಬ್ರಾಕ್ ಗೀಚಿದ, ಬಾಲ ಕತ್ತರಿಸಿದ ಹಾಗಿರುವ ಆ ಕಾರುಗಳು ಹುಟ್ಟಿದ್ದೇ ಆರು. 1964ರ ಲಮಾನ್ಸ್ ಓಟದಲ್ಲಿ ತಮ್ಮ ವರ್ಗ ಗೆದ್ದವು, ಮರುವರ್ಷ ಆ ವರ್ಗದ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಗೆದ್ದವು. ಅವುಗಳ ಮೈ ಅಲ್ಯೂಮಿನಿಯಂ. ಇದರದು ಫೈಬರ್‌ಗ್ಲಾಸ್. ಬೆರಳಲ್ಲಿ ತಟ್ಟಿದರೆ ಪ್ಲಾಸ್ಟಿಕ್ ಬಿಂದಿಗೆಯ ಸದ್ದು.

ಈ 318ರಲ್ಲಿ ಸಿಲ್ವರ್ ಸ್ಟೇಟ್ ಕ್ಲಾಸಿಕ್ ಎಂಬ ಓಟವಿದೆ, ಶುರುವಾಗಿದ್ದು 1988ರಲ್ಲಿ. ಓಟದ ದಿನ ಲಂಡ್ ಹಳ್ಳಿಯಿಂದ ಹೈಕೊವರೆಗೆ 90 ಮೈಲಿ ಹೆದ್ದಾರಿಯನ್ನು ಮುಚ್ಚಿ ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಮೊದಲು ಮುಟ್ಟಿದವನು ಗೆದ್ದ ಎಂದಲ್ಲ. ತಾನು ಆರಿಸಿಕೊಂಡ ಸರಾಸರಿ ವೇಗಕ್ಕೆ ತೀರಾ ಹತ್ತಿರ ಬಂದವನು ಗೆದ್ದ. ಗೆಳೆಯ ಆರಿಸಿದ್ದು ಗಂಟೆಗೆ 110 ಮೈಲಿ, ಅಂದರೆ 177 ಕಿಲೋಮೀಟರ್. ಪಕ್ಕದ ಸೀಟಿನಲ್ಲಿ ಗಡಿಯಾರ ಹಿಡಿದು ಲೆಕ್ಕ ಹೇಳುವ ಕೆಲಸ ನನ್ನದು.

"ಎಂಜಿನ್ ಬಗ್ಗೆ ಹೆದರಿಕೆ ಇಲ್ಲ ಮಾರಾಯಾ, ಬಾನೆಟ್ಟಿನದೇ ಚಿಂತೆ" ಅಂದ.

ಹಿಂದೊಮ್ಮೆ ರೇಸ್ ಟ್ರ್ಯಾಕಿನಲ್ಲಿ ನೂರು ಮೈಲಿ ದಾಟಿಸಿದಾಗ ಬಾನೆಟ್ಟಿನ ನಡು ಪೂರಿಯಂತೆ ಉಬ್ಬಿ, ಕೊಂಡಿಯ ಸುತ್ತ ಬಣ್ಣ ಜೇಡರಬಲೆಯ ಹಾಗೆ ಬಿರುಕು ಬಿಟ್ಟಿತ್ತಂತೆ. ನನಗೆ ನಂಬಿಕೆ ಬರಲಿಲ್ಲ. ಗಾಳಿ ಎದುರಿನಿಂದ ಹೊಡೆದರೆ ತಗ್ಗಬೇಕು, ಉಬ್ಬುವುದೆಂತು?

"ಆಷಾಢದಲ್ಲಿ ನಮ್ಮನೆ ಹೆಂಚು ಯಾವ ಕಡೆ ಹೋಗುತ್ತಿತ್ತು? ಒಳಗೆ ಬೀಳುತ್ತಿತ್ತಾ, ಮೇಲೆ ಹಾರುತ್ತಿತ್ತಾ?"

ಹಾರುತ್ತಿತ್ತು. ನಲವತ್ತು ವರ್ಷ ಕಣ್ಣಾರೆ ಕಂಡದ್ದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಉಬ್ಬಿದ ಮೈ ಮೇಲೆ ಹಾಯುವಾಗ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಮೇಲಿನಿಂದ ಎಳೆಯುತ್ತದೆ. ರೇಡಿಯೇಟರಿನಿಂದ ನುಗ್ಗಿದ್ದು, ಚಕ್ರದ ಗೂಡಿನಲ್ಲಿ ಸಿಕ್ಕಿಕೊಂಡದ್ದು ಕೆಳಗಿನಿಂದ ದೂಡುತ್ತದೆ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಮಡಿ. 177 ಕಿಲೋಮೀಟರಿನಲ್ಲಿ ಗಾಳಿಯ ಪೂರ್ಣ ಒತ್ತಡ ಸಮುದ್ರಮಟ್ಟದಲ್ಲಿ ಚದರ ಮೀಟರಿಗೆ 150 ಕಿಲೋ ತೂಕದಷ್ಟು. ಬಾನೆಟ್ಟಿಗೆ ತಾಗುವುದು ಅದರಲ್ಲೊಂದು ಪಾಲು. ಆ ಪಾಲೇ ಒಬ್ಬ ಆಳು ಅಡಿಯಿಂದ ಹೆಗಲು ಕೊಟ್ಟು ಎತ್ತಿದ ಹಾಗೆ.

ಸನ್ನಿಸೈಡ್ ಹತ್ತಿರ ಕಾರನ್ನು ಇಳಿಸಿದೆವು. ಗೆಳೆಯ ಕೆಂಪು ಉಲ್ಲನ್ ದಾರವನ್ನು ಬೆರಳುದ್ದ ಕತ್ತರಿಸಿ ಬಾನೆಟ್ ಪೂರ್ತಿ ಟೇಪಿನಲ್ಲಿ ಅಂಟಿಸಿದ. ಅಂದು ರಸ್ತೆ ಎಲ್ಲರದೂ, ಮಿತಿ 70 ಮೈಲಿ, ಅಷ್ಟರಲ್ಲೇ ಓಡಿಸಿದ. ಹೊರಟದ್ದೇ ತಡ, ಚೆಲ್ಲಾಪಿಲ್ಲಿ ಬಿದ್ದಿದ್ದ ದಾರಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ಚಕ್ರದ ಮೇಲಿನವು ಅಂಚಿಗೆ ವಾಲಿದವು. ಆದರೆ ಮುಂಗಾಜಿನ ಬುಡದಲ್ಲಿದ್ದ ನಾಲ್ಕು? ಅವು ತಿರುಗಿ ನಿಂತು, ಕಾರು ಹೋಗುತ್ತಿದ್ದ ದಿಕ್ಕನ್ನೇ ತೋರಿಸುತ್ತ ಕುಣಿಯುತ್ತಿದ್ದವು! ಗಾಜಿಗೆ ಹಾಯ್ದ ಗಾಳಿ ಅಲ್ಲಿ ಮಗುಚಿ ಸುಳಿಯಾಗುತ್ತದೆ, ಹೊಳೆಯಲ್ಲಿ ಬಂಡೆಯ ಮುಂದೆ ಆಗುವ ಹಾಗೆ. ಕಾಣದ ಹೊಳೆಯೊಂದು ನಮ್ಮ ಮೇಲೆ ಹರಿಯುತ್ತಿತ್ತು, ನಾನು ಅದರ ತಳದಲ್ಲಿ ಕೂತು ನೋಡುತ್ತಿದ್ದೆ.

ಆ ರಾತ್ರಿ ಈಲಿಯ ಮೋಟೆಲಿನ ಅಂಗಳದಲ್ಲಿ ಟಾರ್ಚ್ ಹಿಡಿದು ಬಾನೆಟ್ಟಿನ ಒಳಮೈ ತೋರಿಸಿದ. ಹೊರಗೆ ಕನ್ನಡಿ, ಒಳಗೆ ಪಕ್ಕೆಲುಬು. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ಅದರ ಮೇಲೆ ರೆಸಿನ್ನಿನಲ್ಲಿ ನೆನೆದ ಫೈಬರ್‌ಗ್ಲಾಸ್ ಬಟ್ಟೆಯನ್ನು ಮೂರು ಪದರ ಹೊದಿಸಿದ್ದ. ರಟ್ಟಿಗೆ ಶಕ್ತಿ ಬೇಕಿಲ್ಲ, ಅದು ಎತ್ತರ ಕೊಟ್ಟರೆ ಸಾಕು. ಹಾಳೆಯ ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು. ಆ ಎತ್ತರವನ್ನು ಟೊಳ್ಳಿನಲ್ಲೇ ಗಿಟ್ಟಿಸುವ ಜಾಣತನ. ಕೊಂಡಿ ಕೂರುವಲ್ಲಿ ಅಂಗೈಯಗಲ ಅಲ್ಯೂಮಿನಿಯಂ ತಗಡು, ಎಳೆತ ಒಂದೇ ತೂತಿನ ಅಂಚಿಗೆ ಬೀಳದಿರಲಿ ಎಂದು. ಚಕ್ರದ ಹಿಂದೆ ಗಾಳಿ ಹೊರಹೋಗಲು ಕಿಂಡಿ.

ಇದು ಎರಡನೆಯ ಸಲದ ಕೆಲಸ. ಮೊದಲ ಸಲ ಪಕ್ಕೆಲುಬುಗಳನ್ನು ಹಾಳೆಗೆ ನೇರ ರೆಸಿನ್ನಿನಲ್ಲೇ ಅಂಟಿಸಿದ್ದ. ರೆಸಿನ್ ಗಟ್ಟಿಯಾದ ಮೇಲೂ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದಂತೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಹೊರಮೈಯಲ್ಲಿ ಒಂದು ದಿನ ಒಳಗಿನ ಪಕ್ಕೆಲುಬೆಲ್ಲ ಗೆರೆಗೆರೆಯಾಗಿ ಮೂಡಿತ್ತು, ಬಡಕಲು ದನದ ಹಾಗೆ. ಎಲ್ಲ ಕಿತ್ತು, ಉಜ್ಜಿ, ಈ ಸಲ ರಬ್ಬರಿನಂತೆ ಬಾಗುವ ಅಂಟಿನಲ್ಲಿ ಕೂರಿಸಿದ್ದ. ಅದನ್ನು ಹೇಳುವಾಗ ಅವನ ದನಿಯಲ್ಲಿ ನಾಚಿಕೆಯೂ ಇತ್ತು, ಸ್ವಲ್ಪ ಜಂಬವೂ.

ನನಗೆ ಕಂಡದ್ದು ಗೊರಬು. ನಟ್ಟಿ ಗದ್ದೆಯಲ್ಲಿ ಅಜ್ಜಿ ಮಳೆಗೆ ತಲೆಯಿಂದ ಸೊಂಟದವರೆಗೆ ಹೊತ್ತು ಬಾಗುತ್ತಿದ್ದ ಅದೂ ಹೀಗೇ. ಮೇಲೆ ಬರೀ ಎಲೆ, ಒಳಗೆ ಬಿದಿರ ದಬ್ಬೆಯ ಹೆಣಿಗೆ. ಹೇಳಿದೆ. ಗೆಳೆಯ ಟಾರ್ಚ್ ಕೆಳಗಿಟ್ಟು ಸ್ವಲ್ಪ ಹೊತ್ತು ನಕ್ಕ. ಆಮೇಲೆ ಸುಮ್ಮನಾದ.

ಓಟದ ದಿನ ಬೆಳಿಗ್ಗೆ ಲಂಡ್‌ನಲ್ಲಿ ಬಾಯಿಂದ ಹೊಗೆ ಬರುವಷ್ಟು ಚಳಿ. ಬಾವುಟ ಬಿದ್ದ ಮೇಲೆ ಭಯಪಡಲೂ ಪುರುಸೊತ್ತಿಲ್ಲ. ಮೈಲಿಗಲ್ಲು, ಸೆಕೆಂಡು, ಮೈಲಿಗಲ್ಲು, ಸೆಕೆಂಡು. ನೋಡಬಾರದೆಂದುಕೊಂಡರೂ ಕಣ್ಣು ಬಾನೆಟ್ಟಿಗೇ ಹೋಗುತ್ತಿತ್ತು. ಅದರಲ್ಲಿ ಬೆಟ್ಟಗಳ ನೆರಳು ಹರಿಯುತ್ತಿತ್ತು. ಹಾಳೆ ಉಬ್ಬಿದರೆ ಆ ನೆರಳು ಸೊಟ್ಟಗಾಗಬೇಕು. ಆಗಲಿಲ್ಲ. ವೈಟ್ ರಿವರ್ ನ್ಯಾರೋಸ್ ಕಣಿವೆಯಲ್ಲಿ ರಸ್ತೆ ಕಲ್ಲುಗೋಡೆಗಳ ನಡುವೆ ತಿರುಚುತ್ತದೆ. ಆ ಗೋಡೆಗಳಲ್ಲಿ ಮೂಲನಿವಾಸಿಗಳು ಕೆತ್ತಿದ ಎಷ್ಟೋ ಶತಮಾನದ ಚಿತ್ರಗಳಿವೆ. ಹೋಗುವಾಗ ಇಳಿದು ನೋಡಿದ್ದೆವು, ಬರುವಾಗ ಅವು ಒಂದು ಕಂದು ಗೀಚು ಮಾತ್ರ.

90 ಮೈಲಿಗೆ ನಮಗೆ ಬೇಕಿದ್ದದ್ದು 49 ನಿಮಿಷ 5 ಸೆಕೆಂಡು. ನನ್ನ ಲೆಕ್ಕ ಎಲ್ಲೋ ತಪ್ಪಿ 12 ಸೆಕೆಂಡು ತಡವಾಯಿತು. ಹೈಕೊದಲ್ಲಿ ಕಾರು ನಿಲ್ಲಿಸಿದವನು ಸಮಯ ಕೇಳಲಿಲ್ಲ. ಹೆಲ್ಮೆಟ್ಟನ್ನೂ ತೆಗೆಯದೆ ಇಳಿದು, ಸತ್ತ ಹುಳುಗಳು ಮೆತ್ತಿದ್ದ ಬಾನೆಟ್ಟಿನ ಉದ್ದಕ್ಕೂ ಬೆರಳ ಗೆಣ್ಣಿನಲ್ಲಿ ಟೊಕ್ ಟೊಕ್ ಎಂದು ಬಡಿಯುತ್ತ, ಹಲಸಿನಹಣ್ಣು ನೋಡುವವರ ಹಾಗೆ ಕಿವಿಗೊಟ್ಟು ಕೇಳತೊಡಗಿದ.