ಹಡಗಿನಲ್ಲಿ ಊರಿಗೆ

"ಊರಿಗೆ ಬಪ್ಪಲೆ ಪುರ್ಸೊತ್ತಿಲ್ಲೆ, ಹಡಗು ಹತ್ತಲೆ ಪುರ್ಸೊತ್ತಿದ್ದು."

ಕುಮಟಾದಿಂದ ಆಯಿ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಗುತ್ತಲೇ ಹೇಳಿದಳು. ಆದರೂ ಆ ದಿನವಿಡೀ ಆಫೀಸಿನಲ್ಲಿ ನನಗೆ ಸಮಾಧಾನವಿರಲಿಲ್ಲ. ನಾವು ಊರಿಗೆ ಹೋಗಿ ಎರಡು ವರ್ಷ ಆಗಿತ್ತು.

ದೆಹಲಿಯ ಕಡೆ ಇರುವ ಕನ್ನಡಿಗರಿಗೆ ಈ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ನಮ್ಮ ನೋಯ್ಡಾದ ಮಕ್ಕಳಿಗೆ ರಜೆ ಸಿಗುವುದು ಮೇ ಕೊನೆಗೆ. ಇವರು ಊರು ಮುಟ್ಟುವ ಹೊತ್ತಿಗೆ ಅಲ್ಲಿ ಅಣ್ಣ, ಅಕ್ಕಂದಿರು ಹೊಸ ಪುಸ್ತಕಕ್ಕೆ ಬೈಂಡ್ ಹಾಕುತ್ತಿರುತ್ತಾರೆ, ಜೊತೆಗೆ ಮಳೆ ಹಿಡಿದಿರುತ್ತದೆ. ಆಡಲು ಜೊತೆಯಿಲ್ಲದೆ ಮಕ್ಕಳು ಮೊಬೈಲು ಹಿಡಿದು ಕೂರುತ್ತಾರೆ. "ಮುಂದಿನ ವರ್ಷ ನೋಡೋಣ" ಎನ್ನುತ್ತ ವರ್ಷಗಳು ಜಾರಿದ್ದವು.

ಉಳಿಯುವುದು ಜನವರಿಯ ಚಳಿಗಾಲದ ರಜೆ. ನವೆಂಬರ್ ಪೂರ್ತಿ ಹೊಗೆ ಕುಡಿದು, ಮೈದಾನಕ್ಕೆ ಇಳಿಯದೆ ಮನೆಯೊಳಗೇ ಇದ್ದ ಮಕ್ಕಳಿಗೆ ಈ ಸಲ ಒಳ್ಳೆಯ ಗಾಳಿ ಇರುವ ಕಡೆ ಹೋಗೋಣ ಎಂದಿದ್ದೆವು. ಕ್ರೂಸ್ ಎಂದದ್ದು ಹನ್ನೊಂದರ ಮಗಳು. ಅವಳ ಕ್ಲಾಸಿನ ಇಬ್ಬರು ಹೋಗಿ ಬಂದಿದ್ದರಂತೆ. ಕಾರ್ಡೇಲಿಯಾದ 'ಎಂಪ್ರೆಸ್' ಹಡಗು 2021ರ ಸೆಪ್ಟೆಂಬರ್‌ನಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆ ಓಡಾಡುತ್ತಿದೆ. ಆಯಿಯ ಮಾತು ಕೇಳಿದ ರಾತ್ರಿ ನಾನು ಭೂಪಟ ತೆರೆದು ಕುಳಿತೆ. ಗೋವಾದವರೆಗೆ ಹೋದ ಹಡಗಿನಲ್ಲೇ ಮತ್ತೆ ಮುಂಬೈಗೆ ಯಾಕೆ ವಾಪಸಾಗಬೇಕು? ಮಡಗಾಂವಿನಲ್ಲಿ ರೈಲು ಹತ್ತಿದರೆ ಎರಡೂವರೆ ಮೂರು ಗಂಟೆಯಲ್ಲಿ ಕುಮಟಾ. ಗೋವಾದಲ್ಲೇ ಇಳಿಯುವ ಒಂದು ಕಡೆಯ ಟಿಕೆಟ್ ಸಿಕ್ಕಿತು. ಆಯಿಗೆ ಫೋನ್ ಮಾಡಿ, "ಹಡಗಲ್ಲೇ ಊರಿಗೆ ಬತ್ಯ" ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ನ ಅಜ್ಜ ಹಾಂಗೇ ಓಡಾಡ್ತಿದ್ದ" ಎಂದಳು.

ದೆಹಲಿಯಿಂದ ಹೊರಡುವವರಿಗೆ ಒಂದು ಮಾತು: ಹಡಗು ಯಾರಿಗೂ ಕಾಯುವುದಿಲ್ಲ, ಜನವರಿಯ ಮಂಜು ಯಾವ ವಿಮಾನವನ್ನೂ ಬಿಡುವುದಿಲ್ಲ. ಆದ್ದರಿಂದ ಒಂದು ದಿನ ಮೊದಲೇ ಮುಂಬೈ ಸೇರಿಕೊಳ್ಳಿ. ನಮ್ಮ ವಿಮಾನ ನಾಲ್ಕು ಗಂಟೆ ತಡವಾಯಿತು. ಹಿಂದಿನ ದಿನವೇ ಹೊರಟಿದ್ದರಿಂದ ಬಚಾವಾದೆವು.

ಮರುದಿನ ಬಂದರಿನಲ್ಲಿ ಹಡಗು ಕಂಡದ್ದೇ ಆರರ ಮಗ ಕೇಳಿದ, "ಅಪ್ಪಾ, ಇದು ಟೈಟಾನಿಕ್‌ಗಿಂತ ದೊಡ್ಡದಾ?" ಉದ್ದದಲ್ಲಿ ಅಲ್ಲ. ಟೈಟಾನಿಕ್ 269 ಮೀಟರ್, ಇದು 210ರ ಆಸುಪಾಸು. ಆದರೆ ಒಳಗಿನ ಜಾಗ ಲೆಕ್ಕಹಾಕುವ ಟನ್ನೇಜಿನಲ್ಲಿ ಇದೇ ತುಸು ಮುಂದೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ನಮ್ಮ ದೇಶಕ್ಕೆ ಬರುವ ಮೊದಲು ಅಮೆರಿಕದ ಕಡೆ ಬಹಳ ವರ್ಷ ದುಡಿದಿದೆ. ಹೊರಡುವ ಮೊದಲು ಲೈಫ್ ಜಾಕೆಟ್ ಹಾಕುವುದು, ಯಾವ ಜಾಗದಲ್ಲಿ ಸೇರಬೇಕು ಎಂಬ ಕವಾಯತು ನಡೆಯಿತು. ಇಂಥ ನಿಯಮಗಳೆಲ್ಲ ಬಿಗಿಯಾದದ್ದು 1912ರಲ್ಲಿ ಆ ಟೈಟಾನಿಕ್ ಮುಳುಗಿದ ಮೇಲೇ ಎಂದಾಗ ಮಗ ಜಾಕೆಟ್ಟಿನ ಪಟ್ಟಿಯನ್ನು ಎರಡು ಸಲ ಎಳೆದು ನೋಡಿಕೊಂಡ.

ಸಂಜೆ ಹಡಗು ಬಿಟ್ಟಿತು. ಮುಂಬೈಯ ದೀಪಗಳು ಸಣ್ಣದಾಗುತ್ತ ಹೋದವು. ಮೊಬೈಲಿನ ಸಿಗ್ನಲ್ ಕೂಡ ಹೋಯಿತು. ದಡ ಬಿಟ್ಟ ಮೇಲೆ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ಜೋರಾಗಿ ಬರುತ್ತದೆ, ಏರೋಪ್ಲೇನ್ ಮೋಡಿನಲ್ಲಿ ಇಡುವುದು ಒಳ್ಳೆಯದು. ಈಜುಕೊಳ, ಮಕ್ಕಳ ಆಟದ ಕೋಣೆ, ಮ್ಯಾಜಿಕ್ ಷೋ, ಹೊಟ್ಟೆ ಬಿರಿಯುವಷ್ಟು ಊಟ, ಎಲ್ಲ ಇತ್ತು. ಮಕ್ಕಳು ಎಲ್ಲದಕ್ಕೂ ಓಡಿದರು.

ರಾತ್ರಿ ಹತ್ತಕ್ಕೆ ಮಗನಿಗೆ ವಾಂತಿ ಶುರುವಾಯಿತು. ಖರ್ಚು ಉಳಿಸಲು ನಾನು ಕಿಟಕಿಯಿಲ್ಲದ ಕೋಣೆ ತೆಗೆದುಕೊಂಡಿದ್ದೆ, ಅದೂ ಹಡಗಿನ ತುದಿಯಲ್ಲಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ; ಮಕ್ಕಳಿರುವವರು ಅಂಥ ಕೋಣೆಯನ್ನೇ ಕೇಳಿ. ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಕೊಟ್ಟಿರಬೇಕು, ಶುರುವಾದ ಮೇಲಲ್ಲ. ಹೆಂಡತಿ ಮಗನನ್ನು ಎತ್ತಿಕೊಂಡು ಮೇಲಿನ ಡೆಕ್ಕಿಗೆ ಹೊರಟಳು. ಹಿಂದೆ ನಾನು, ಮಗಳು.

ಮೇಲೆ ಗಾಳಿ ಬೀಸುತ್ತಿತ್ತು. ಮಗ ಅಮ್ಮನ ಭುಜದ ಮೇಲೆ ತಣ್ಣಗಾದ. ನಕ್ಷತ್ರಗಳಿದ್ದವು. ನೋಯ್ಡಾದಲ್ಲಿ ಅಷ್ಟೊಂದನ್ನು ನನ್ನ ಮಕ್ಕಳು ಎಂದೂ ನೋಡಿಲ್ಲ. ಮಗಳು ರೇಲಿಂಗ್ ಹಿಡಿದು ಕೇಳಿದಳು, "ಮುತ್ತಜ್ಜ ಯಾಕೆ ಶಿಪ್ಪಲ್ಲಿ ಓಡಾಡ್ತಿದ್ರು?"

ನನಗೆ ಗೊತ್ತಿದ್ದಷ್ಟು ಹೇಳಿದೆ. 1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ಕೆಲಸ ಎಂದರೆ ಮುಂಬೈ. ದಾರಿಯುದ್ದಕ್ಕೂ ಸೇತುವೆಯಿಲ್ಲದ ನದಿಗಳು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದೇ 1998ರಲ್ಲಿ. ಆಗ ಇದ್ದದ್ದು ಸ್ಟೀಮರು, ನಮ್ಮ ಕಡೆಯವರ ಬಾಯಲ್ಲಿ ಆಗಬೋಟು. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು, ದಡದಿಂದ ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಬಂದ್. ಈಗಿನ ಕ್ರೂಸ್ ಕೂಡ ಮಳೆಗಾಲಕ್ಕೆ ಈ ದಡ ಬಿಡುತ್ತದೆ. ಕಡಲು ಇಬ್ಬರಿಗೂ ಅದೇ ಅಲ್ಲವೇ. ಅಜ್ಜ ಮಾಟುಂಗಾದ ಖಾನಾವಳಿಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದ.

"ಎಲ್ಲಿ ಮಲಗ್ತಿದ್ರು? ಏನು ತಿಂತಿದ್ರು? ಅವರಿಗೂ ವಾಮಿಟ್ ಆಗ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ. ಅಜ್ಜ ಹೋಗಿ ಇಪ್ಪತ್ತೆಂಟು ವರ್ಷ, ಅಪ್ಪ ಹೋಗಿ ಆರು. ಈಗ ಗೊತ್ತಿರುವುದು ಆಯಿಗೆ ಮಾತ್ರ. ಆಯಿಗೆ ಎಪ್ಪತ್ತಾರು. ಕೋಣೆಗೆ ಬಂದವಳೇ ಮಗಳು ಹಡಗಿನವರು ಇಟ್ಟಿದ್ದ ಕಾಗದದ ಮೇಲೆ ಪ್ರಶ್ನೆಗಳನ್ನು ಬರೆದುಕೊಂಡಳು. ಇಂಗ್ಲಿಷಿನಲ್ಲಿ ಬರೆದಳು, ಕನ್ನಡ ಬರೆಯುವುದನ್ನು ನಾವು ಇನ್ನೂ ಕಲಿಸಿಲ್ಲ.

ಬೆಳಿಗ್ಗೆ ಹಡಗಿನ ಹಿಂದೆ ಬೆಳ್ಳಗೆ ನೊರೆ ಏಳುತ್ತಿತ್ತು. ಚೇತರಿಸಿಕೊಂಡಿದ್ದ ಮಗ, "ಇದೂ ಗಲೀಜಾ?" ಎಂದ. ಅವನು ನೋಡಿದ ನೊರೆ ಕಾಲಿಂದಿ ಕುಂಜದ ಬಳಿ ಯಮುನೆಯಲ್ಲಿ ತೇಲುವುದೊಂದೇ. ಇದು ಬರೀ ನೀರು, ಗಾಳಿ ಎಂದು ನಂಬಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮುರ್ಮುಗಾಂವ್ ಬಂದರಿನಲ್ಲಿ ಇಳಿದೆವು. ಹೆಚ್ಚಿನವರು ಬೀಚಿಗೆ ಹೊರಟರು, ನಾವು ಸೂಟ್‌ಕೇಸು ಎಳೆದುಕೊಂಡು ಮಡಗಾಂವಿಗೆ. ಸುರಂಗಗಳು, ಕಾಳಿ, ಗಂಗಾವಳಿ, ಅಘನಾಶಿನಿ. ಒಂದೊಂದು ಸೇತುವೆ ಬಂದಾಗಲೂ ಮಗಳು ಹೊಳೆಯ ಹೆಸರು ಕೇಳಿದಳು. ಕುಮಟಾ ಸ್ಟೇಷನ್ನಿಗೆ ಆಯಿ ತಾನೇ ಬಂದಿದ್ದಳು.

ಊಟವಾದ ಮೇಲೆ ಜಗುಲಿಯಲ್ಲಿ ಪ್ರಶ್ನೆಪತ್ರಿಕೆ ಹೊರಬಂತು. ಆಯಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಮಲಗುತ್ತಿದ್ದದ್ದು ಡೆಕ್ಕಿನ ಮೇಲೆ ಕಂಬಳಿ ಹಾಸಿ, ಟ್ರಂಕಿಗೆ ತಲೆಕೊಟ್ಟು. ತಿನ್ನುತ್ತಿದ್ದದ್ದು ಪಂಚೆಯ ತುದಿಗೆ ಕಟ್ಟಿಕೊಂಡ ಅವಲಕ್ಕಿ, ಬೆಲ್ಲ. ವಾಂತಿ ಪ್ರತಿ ಸಲವೂ ಆಗುತ್ತಿತ್ತಂತೆ, ಅದಕ್ಕೆ ಹುಣಸೆಹಣ್ಣು ಚೀಪುತ್ತಿದ್ದನಂತೆ. "ನಂಗೂ ಆಯ್ತು!" ಎಂದು ಮಗ ಹೆಮ್ಮೆಯಿಂದ ಹೇಳಿದ. ಅಜ್ಜಿ ಮೊಮ್ಮಗ ಸೇರಿ ನಕ್ಕರು. ನಾನು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ.

ಹಡಗಿನ ಒಂದು ರಾತ್ರಿಗೆ ಕೊಟ್ಟ ದುಡ್ಡು ಹೆಚ್ಚಾಯಿತೇ ಎಂದು ದೆಹಲಿಯ ಗೆಳೆಯರು ಕೇಳುತ್ತಾರೆ. ಬರೀ ಈಜುಕೊಳ, ಊಟಕ್ಕಾದರೆ ಹೆಚ್ಚು. ನಮಗೆ ಆಮೇಲೆ ಆರು ದಿನ ಊರು ಸಿಕ್ಕಿತು. ಕರಾವಳಿಯ ಕಡೆಯವರು ನೀವಾದರೆ ರಜೆಯನ್ನು ಹೀಗೊಮ್ಮೆ ಜೋಡಿಸಿ ನೋಡಿ.

ಹೊರಡುವ ಹಿಂದಿನ ಸಂಜೆ ಹೆಡ್ ಬಂದರಿಗೆ ಹೋಗಿದ್ದೆವು. ಮಗ ಕಡಲಿನ ಅಂಚಿನವರೆಗೂ ಕಣ್ಣು ಹಾಯಿಸಿ ಅಜ್ಜಿಯನ್ನು ಕೇಳಿದ, "ನಮ್ ಶಿಪ್ಪು ಇಲ್ಲಿ ಯಾಕೆ ನಿಲ್ಲಲ್ಲ?"

"ಮೊದಲು ನಿಲ್ತಿತ್ತು ಮಗಾ," ಎಂದಳು ಆಯಿ.