ಮಳೆಸೀಮೆಯ ಹಳೆಯ ಮೋಟಾರು

ಸೂಪಾ ಸೀಮೆಯಲ್ಲಿ ಮೋಟಾರು ಗಾಡಿಯ ವಯಸ್ಸನ್ನು ಓಡಿದ ಮೈಲುಗಳಿಂದ ಎಣಿಸುವುದಕ್ಕಿಂತ ಕಳೆದ ಮಳೆಗಾಲಗಳಿಂದ ಎಣಿಸುವುದೇ ಲೇಸು. ಕಾಳೀನದಿಯ ದಂಡೆಯಲ್ಲಿದ್ದ ಸೂಪಾ ಊರು ಗಣೇಶಗುಡಿಯ 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದು ದಶಕಗಳೇ ಸಂದುವು. ಹೆಸರು ಮಾತ್ರ ಜನರ ನಾಲಗೆಯಲ್ಲಿ ಉಳಿದಿದೆ. ಕಾಡಿನ ನಡುವೆ ಚೆದರಿದ ಊರುಗಳಲ್ಲಿ ಮನೆಯ ಗಾಡಿಯು ವಿಲಾಸದ ವಸ್ತುವಲ್ಲ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡರೆ ದಾಂಡೇಲಿಯ ದಾರಿ ಹಿಡಿಯಬೇಕಾದುದು ಅದೇ. ಆದುದರಿಂದ ಅಂಬಾಸಡರೋ ಪದ್ಮಿನಿಯೋ ಹಳೆಯ ಜೀಪೋ, ಯಾವುದಿದ್ದರೂ ಅದನ್ನು ನಡೆಯುವ ಸ್ಥಿತಿಯಲ್ಲಿಡುವ ಭಾರವು ಮನೆಯವರ ಮೇಲೆಯೇ ಬೀಳುತ್ತದೆ.

ಹಳೆಯ ಗಾಡಿಯನ್ನು ಕೊಲ್ಲುವುದು ಓಟವಲ್ಲ, ನೀರು. ಅದರಲ್ಲಿಯೂ ಕಣ್ಣಿಗೆ ಬೀಳುವ ನೀರಿಗಿಂತ ಬೀಳದ ನೀರೇ ಕ್ರೂರವಾದುದು. ಆಷಾಢದ ಮುಂಜಾನೆ ಎಂಜಿನು ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಯ್ಯುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವಿರುವುದು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಮೈಯಲ್ಲಿ. ಅಲ್ಲಿ ಕುಳಿತ ತೆಳುವಾದ ತೇವದ ಮೇಲೆ ವಿದ್ಯುತ್ತು ಹರಿದುಹೋಗಿ ಪ್ಲಗ್ಗಿನ ಕಿಡಿ ಸಾಯುತ್ತದೆ. ಒಣ ಅರಿವೆಯಿಂದ ಅದನ್ನು ಒರೆಸಿ ಪಾಯಿಂಟುಗಳ ಅಂತರವನ್ನು ನೋಡಿದರೆ ಸಾಕು. ಅಂಬಾಸಡರಿಗೆ ಅದು ಸುಮಾರಾಗಿ ಅಂಗುಲದ ಸಾವಿರದ 15 ಪಾಲು. ಈ ಕೆಲಸಕ್ಕೆ ಪಟ್ಟಣದಿಂದ ಮೇಸ್ತ್ರಿಯನ್ನು ಕರೆಸುವುದೆಂದರೆ ದೀಪಕ್ಕೆ ಎಣ್ಣೆ ಹಾಕಲು ಪಂಡಿತನನ್ನು ಕರೆಸಿದಂತೆ!

ಗಾಡಿಯನ್ನು ಎಲ್ಲಿ ನಿಲ್ಲಿಸುತ್ತಾರೆಂಬುದೂ ಸಣ್ಣ ಮಾತಲ್ಲ. ದನದ ಕೊಟ್ಟಿಗೆಯ ಮಗ್ಗುಲಿಗೇ ಮಾಡು ಇಳಿಸಿ ಒಳಗೆ ಗಾಡಿಯನ್ನು ಬಿಡುವ ಮನೆಗಳುಂಟು. ಗಂಜಲದಿಂದೇಳುವ ಅಮೋನಿಯಾ ಆವಿಯು ತಾಮ್ರ ಹಿತ್ತಾಳೆಗಳಿಗೆ ವೈರಿ. ಹಳೆಯ ರೇಡಿಯೇಟರಿನ ಮೈಯೂ ತಂತಿಯ ತುದಿಗಳೂ ಆ ಲೋಹಗಳವೇ. ಚಕ್ರದ ಕಮಾನಿನೊಳಗೆ ಅಂಟಿದ ಕೆಂಪು ಮಣ್ಣು ಹಸಿಯಾಗಿಯೇ ಉಳಿದು ತಗಡನ್ನು ತಿನ್ನುತ್ತದೆ. ಹೊರಮೈಯನ್ನು ಕನ್ನಡಿಯಂತೆ ಉಜ್ಜುವವರು ಅಡಿಯ ಮಣ್ಣಿಗೆ ಒಂದು ಕೊಡ ನೀರನ್ನೂ ಸುರಿಯದಿರುವುದು ವಿಚಿತ್ರವಾದರೂ ನಿಜ.

ಈಚೆಗೆ ಪೆಟ್ರೋಲೂ ನೀರಿನ ಪಕ್ಷವನ್ನೇ ಸೇರಿದೆ. 2000ನೆಯ ಇಸವಿಯಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಾಗ ಹಳೆಯ ವಾಲ್ವುಗಳ ಪೀಠಕ್ಕಿದ್ದ ರಕ್ಷೆ ಹೋಯಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತೆನ್ನಬೇಕು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ರಷ್ಟಾಯಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನೊಡನೆ ಟಾಂಕಿಯ ತಳಕ್ಕಿಳಿಯುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಅದು ಕೆಡಿಸುತ್ತದೆ. ಆದುದರಿಂದ ಮಳೆಗಾಲದಲ್ಲಿ ಅರೆಬರಿದಾದ ಟಾಂಕಿಯೊಡನೆ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಲಾಗದು. ಕೊಳವೆಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಿರಿದುದನ್ನು ಕೂಡಲೇ ಬದಲಿಸಬೇಕು. ಪೆಟ್ರೋಲು ಒಸರುವ ಗಾಡಿಯ ಬಳಿ ಬೀಡಿಯನ್ನಾಗಲಿ ದೀಪವನ್ನಾಗಲಿ ತರಕೂಡದೆಂದು ಹೇಳಬೇಕಾದುದೇ ಇಲ್ಲ, ಆದರೂ ಹೇಳಬೇಕಾಗುತ್ತದೆ.

ಎಲ್ಲಕ್ಕಿಂತ ಭಯಂಕರವಾದುದು ಬ್ರೇಕಿನೊಳಗಿನ ನೀರು. ಬ್ರೇಕಿನ ದ್ರವವೂ ತೇವವನ್ನು ಹೀರುವಂಥದು. ಸಾಮಾನ್ಯವಾಗಿ ಬಳಸುವ ಮೂರನೆಯ ದರ್ಜೆಯ ದ್ರವವು ಹೊಸದಿರುವಾಗ 205 ಡಿಗ್ರಿಗಿಂತ ಕೆಳಗೆ ಕುದಿಯಲಾಗದು. ನೀರನ್ನು ಹೀರಿದ ಮೇಲೆ ಆ ಮಿತಿಯು 140ಕ್ಕೆ ಇಳಿಯುತ್ತದೆ. ಕಾರವಾರದ ಕಡೆಗೆ ಅಣಶಿ ಘಟ್ಟವನ್ನು ಇಳಿಯುವಾಗ ತಿರುವು ತಿರುವಿಗೂ ಬ್ರೇಕನ್ನೊತ್ತಿದರೆ ಡ್ರಮ್ಮುಗಳು ಕಾಯ್ದು, ದ್ರವವು ಕುದಿದು, ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿಯನ್ನು ಒತ್ತಬಹುದು, ಅದರಿಂದ ಚಕ್ರವನ್ನು ತಡೆಯಲಾಗದು; ಪೆಡಲು ನೆಲಕ್ಕೆ ಹತ್ತಿಬಿಡುತ್ತದೆ. ಕೆಳಗಿನ ಗೇರಿನಲ್ಲಿಳಿಯುವ ಹಳೆಯ ಚಾಲಕರ ಪದ್ಧತಿಯು ಜಿಪುಣತನದಿಂದ ಹುಟ್ಟಿದುದಲ್ಲ.

ಮನೆಯ ಕೈಗೆಲಸಕ್ಕೆ ಇಲ್ಲೊಂದು ಎಲ್ಲೆಯುಂಟು. ಪಾಯಿಂಟು ತಪ್ಪಿದರೆ ಗಾಡಿ ನಿಲ್ಲುತ್ತದೆ, ಬ್ರೇಕು ತಪ್ಪಿದರೆ ನಿಲ್ಲುವುದಿಲ್ಲ. ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವ ಕೆಲಸವನ್ನು ಬಲ್ಲವರ ಎದುರಿನಲ್ಲಿಯೇ ಕಲಿಯಬೇಕು. ಒಬ್ಬರು ಪೆಡಲನ್ನೊತ್ತಿ ಹಿಡಿದಿರಲು ಇನ್ನೊಬ್ಬರು ಚಕ್ರದ ಬಳಿ ನಿಪ್ಪಲನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೂ ಹಳೆಯ ದ್ರವವನ್ನು ಬಿಡುತ್ತಾರೆ. ಪೆಡಲು ಮೇಲೇಳುವ ಮುಂಚೆ ನಿಪ್ಪಲನ್ನು ಬಿಗಿಯಬೇಕು, ಇಲ್ಲವಾದರೆ ಗಾಳಿ ಒಳಸೇರುತ್ತದೆ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲಿಡುವ ಮಿತವ್ಯಯವು ಇಲ್ಲಿ ಸಲ್ಲದು. ಕೆಲಸ ಮುಗಿದ ಬಳಿಕ ಮೊದಲ ಓಟವು ಅಂಗಳದಲ್ಲಿ, ಎರಡನೆಯದು ಸಮತಲದ ದಾರಿಯಲ್ಲಿ, ಘಟ್ಟವು ಆಮೇಲೆ.