ಹಿಂದಿನ ಗಾಲಿ

ಹಾನಗಲ್ಲಿನಲ್ಲಿ ಆ ಮನೆಯನ್ನು ಹುಡುಕಿಕೊಂಡು ಹೋಗುವವರು ಮನೆಯವರ ಹೆಸರು ಹೇಳಬೇಕಾಗಿಲ್ಲ. "ಕಂಟೆಸ್ಸಾ ಮನಿ ಎಲ್ಲೈತ್ರಿ?" ಎಂದರೆ ಸಾಕು, ಚಹಾದ ಅಂಗಡಿಯವರು ಕೈ ಮಾಡಿ ತೋರಿಸುತ್ತಾರೆ. ಬೇವಿನ ಮರದ ಕೆಳಗೆ ಉದ್ದ ಮೂತಿಯ ಬಿಳಿ ಕಾರು ನಿಂತಿರುತ್ತದೆ. ನಂಬರು ಕೆಎ-25ರಿಂದ ಶುರುವಾಗುತ್ತದೆ. 1997ರಲ್ಲಿ ಹಾವೇರಿ ಜಿಲ್ಲೆ ಆಗುವ ಮೊದಲು, ಹಾನಗಲ್ಲು ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ ನೋಂದಣಿಯಾದ ಗಾಡಿ ಅದು. ಮನೆಯ ಯಜಮಾನ ಅಕ್ಕಿ ಗಿರಣಿಯ ಸಾಹುಕಾರರೊಬ್ಬರಲ್ಲಿ ಡ್ರೈವರ್ ಆಗಿದ್ದ. ಸಾಹುಕಾರರು ಹೊಸ ಕಾರು ತಂದಾಗ, ಅಷ್ಟು ವರ್ಷ ತಾನೇ ತೊಳೆದು ಒರೆಸಿದ ಹಳೆಯದನ್ನು ಗುಜರಿಗೆ ಕಳಿಸಲು ಮನಸ್ಸಾಗದೆ, ಪಗಾರದಲ್ಲಿ ಮುರಿಸಿಕೊಂಡು ತಾನೇ ಕೊಂಡ.

ಕಂಟೆಸ್ಸಾ ಕಾರನ್ನು ಹಿಂದುಸ್ತಾನ್ ಮೋಟಾರ್ಸ್ ಕಂಪನಿ 1980ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಮೈಕಟ್ಟು. ಮೊದಲು ಅದಕ್ಕೆ ಅಂಬಾಸಿಡರ್‌ನ ಎಂಜಿನ್ನೇ ಇತ್ತು. ಆಮೇಲೆ ಜಪಾನಿನ ಇಸುಜು ಎಂಜಿನ್ ಬಂತು. 2002ರಲ್ಲಿ ತಯಾರಿಕೆ ನಿಂತಿತು. ಈಗಿನ ಹುಡುಗರು ಇದನ್ನು 'ನಮ್ಮ ದೇಶದ ಮಸಲ್ ಕಾರು' ಎಂದು ಕರೆಯುತ್ತಾರೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಯಜಮಾನನ ಮಗನೂ ಹಾಗೆಯೇ ಕರೆಯುತ್ತಿದ್ದ. ಅಪ್ಪ ಮಾತ್ರ 'ಗಾಡಿ' ಎನ್ನುತ್ತಿದ್ದ.

ಒಂದು ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೊರಟರು. ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವ ದಾರಿ. ಘಟ್ಟದ ಅರ್ಧ ಇಳಿಯುವಷ್ಟರಲ್ಲಿ ಅಪ್ಪನ ಕಾಲಿನ ಕೆಳಗೆ ಬ್ರೇಕ್ ಪೆಡಲ್ ಮೆತ್ತಗಾಯಿತು. ಮತ್ತೊಮ್ಮೆ ಒತ್ತಿದರೆ ತಳಕ್ಕೇ ಹೋಯಿತು. ಹಿಂದಿನ ಸೀಟಿನಲ್ಲಿ ಅಜ್ಜಿ, ಅವ್ವ, ತಂಗಿ, ಮಗ. ಅಪ್ಪ ಒಂದು ಮಾತೂ ಆಡದೆ ಗೇರು ಇಳಿಸಿದ, ಎಂಜಿನ್ ಊಳಿಟ್ಟಿತು. ಕಾರು ವಾಲಾಡುತ್ತ ನಿಧಾನವಾಗಿ, ಗುಡ್ಡದ ಕಡೆಯ ಮಣ್ಣಿಗೆ ಒರಗಿ ನಿಂತಿತು. ಅಜ್ಜಿ ಗೋಕರ್ಣದ ಮಹಾಬಲೇಶ್ವರನಿಗೆ ಅಲ್ಲಿಂದಲೇ ಕೈ ಮುಗಿದಳು. ಅರ್ಧ ತಾಸು ಬಿಟ್ಟು ನೋಡಿದರೆ ಪೆಡಲ್ ಮೊದಲಿನಂತೆಯೇ ಗಟ್ಟಿ!

ಮಗನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಊರಿಗೆ ಬಂದ ಮೇಲೆ ಪುಸ್ತಕ ತಿರುವಿ ತೀರ್ಮಾನಕ್ಕೆ ಬಂದ. ಕಾರಿನ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಹಳೆಯ ಕಾಲದ ಡ್ರಮ್. ಡ್ರಮ್ ಮುಚ್ಚಿದ ಡಬ್ಬಿ ಇದ್ದ ಹಾಗೆ. ಕಾವು ಹೊರಗೆ ಹೋಗುವುದು ತಡ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದ ತಟ್ಟೆ. ಬೇಗ ಆರುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. 1953ರ ಲೆ ಮಾನ್ಸ್ ಓಟವನ್ನು ಜಾಗ್ವಾರ್ ಕಾರು ಗೆದ್ದದ್ದೇ ಡಿಸ್ಕ್ ಬ್ರೇಕಿನ ಬಲದಿಂದ ಎಂದು ಅವನು ಓದಿದ್ದ. ಅಮೆರಿಕದ 1964ರ ಪಾಂಟಿಯಾಕ್ ಜಿಟಿಒ 6.4 ಲೀಟರಿನ ಎಂಜಿನ್ ಹೊತ್ತುಕೊಂಡು ನಾಲ್ಕೂ ಗಾಲಿಗೆ ಡ್ರಮ್ ಕಟ್ಟಿಕೊಂಡೇ ಓಡುತ್ತಿತ್ತಂತೆ. ಅದಕ್ಕೇ ಈಗ ಅಂಥ ಕಾರಿನ ಹವ್ಯಾಸಿಗಳು ಹಿಂದೆಯೂ ಡಿಸ್ಕ್ ಹಾಕಿಸುತ್ತಾರೆ. ಸರಿ, ಹುಬ್ಬಳ್ಳಿಯ ಗುಜರಿಯಲ್ಲಿ ಮತ್ಯಾವುದೋ ಕಾರಿನ ಎರಡು ಡಿಸ್ಕ್, ಎರಡು ಕ್ಯಾಲಿಪರ್ ಆರಿಸಿ ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ.

ಊರಿನ ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ 'ಚಾಚಾ' ಎನ್ನುತ್ತಾರೆ. ಚಾಚಾ ಗೋಣಿಚೀಲದೊಳಗೆ ಇಣುಕಿ ನೋಡಿದರು.

"ಯಾಕ ಬೇಕೋ ತಮ್ಮಾ ಇದು?"

"ಘಟ್ಟದಾಗ ಡ್ರಮ್ ಕೈ ಕೊಟ್ಟಾವ ಚಾಚಾ. ತಗದ ಬಿಡೂಣು."

"ಡ್ರಮ್ ಕೈ ಕೊಟ್ಟಿದ್ದು ಖರೇ ಏನು? ಮೊದಲ ಬಿಚ್ಚಿ ನೋಡೂಣು."

ಬಿಚ್ಚಿ ನೋಡಿದರು. ಬ್ರೇಕ್ ಆಯಿಲ್ ಜೋನಿಬೆಲ್ಲದಂತೆ ಕಪ್ಪಾಗಿತ್ತು. ಈ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕಡಿಮೆ ಎಂದರೂ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದದ್ದಕ್ಕೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಟ್ಟದಲ್ಲಿ ಉದ್ದಕ್ಕೂ ಬ್ರೇಕ್ ಒತ್ತುತ್ತ ಬಂದಾಗ ಎಣ್ಣೆ ಕುದಿದು ಆವಿಯ ಗುಳ್ಳೆಗಳೆದ್ದಿವೆ. ದ್ರವವನ್ನು ಒತ್ತಿದರೆ ಒತ್ತಡ ಗಾಲಿಗೆ ಮುಟ್ಟುತ್ತದೆ. ಗುಳ್ಳೆಯನ್ನು ಒತ್ತಿದರೆ ಅದು ತಾನೇ ಕುಗ್ಗುತ್ತದೆ. ಪೆಡಲ್ ತಳಕ್ಕೆ ಹೋದದ್ದು ಹೀಗೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿದೆ, ಪೆಡಲ್ ಗಟ್ಟಿಯಾಗಿದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಎಣ್ಣೆಯನ್ನು ಎಂದು ಹಾಕಿಸಿದ್ದೆಂದು ಅಪ್ಪನಿಗೆ ನೆನಪೇ ಇರಲಿಲ್ಲ.

"ಹಂಗಾರ ಅವತ್ತು ಗಾಡಿ ನಿಂತದ್ದು ಹೆಂಗ?" ಎಂದು ಚಾಚಾ ಕೇಳಿದರು. ಮಗ ಅಪ್ಪನ ಮುಖ ನೋಡಿದ. ಅಪ್ಪ ಸಣ್ಣಗೆ ಹೇಳಿದ: "ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳಕೋತ ಬಂದೆ."

ಹ್ಯಾಂಡ್ ಬ್ರೇಕಿಗೆ ಎಣ್ಣೆಯ ಹಂಗಿಲ್ಲ. ಅದು ಕೇಬಲ್ಲಿನಿಂದ ಹಿಂದಿನ ಡ್ರಮ್ಮಿನೊಳಗಿನ ಶೂಗಳನ್ನೇ ಅಗಲಿಸುತ್ತದೆ. ಅಜ್ಜಿ, ಅವ್ವ, ತಂಗಿಯನ್ನು ಅಂದು ಉಳಿಸಿದ್ದು ಮಗ ಕಿತ್ತೆಸೆಯಲು ಹೊರಟಿದ್ದ ಆ ಹಳೆಯ ಡ್ರಮ್. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವನಿಗೆ ಅಪ್ಪನ ಕೈ ಏನು ಮಾಡುತ್ತಿತ್ತೆಂದು ಕಂಡಿರಲಿಲ್ಲ.

ಇಲ್ಲಿಗೆ ಮಾತು ಮುಗಿಯಬಹುದಿತ್ತು. ಆದರೆ ಹುಡುಗ ಗೋಣಿಚೀಲವನ್ನೇ ನೋಡುತ್ತಿದ್ದ. ತನ್ನ ಜೇಬಿನ ದುಡ್ಡು, ತನ್ನ ಲೆಕ್ಕ. ಚಾಚಾ ಅಪ್ಪನ ಕಡೆ ತಿರುಗಿ, "ಓದಿದ್ದನ್ನ ಒಮ್ಮೆ ಕಣ್ಣಿಲೆ ನೋಡ್ಲಿ ಬಿಡ್ರಿ. ರಸ್ತಾದಾಗ ಬ್ಯಾಡ, ಹೊಲದಾಗ" ಎಂದರು. ಅಪ್ಪ ಒಪ್ಪಿದ.

ಮೊದಲು ಹೊಸ ಎಣ್ಣೆ ಹಾಕಿದರು. ಆಮೇಲೆ ಮೂರು ದಿನ ಕೆಲಸ ನಡೆಯಿತು. ಕ್ಯಾಲಿಪರ್ ಕೂರಿಸಲು ದಪ್ಪ ತಗಡು ಕತ್ತರಿಸಿ ಬ್ರಾಕೆಟ್ ಮಾಡಿಸಿದರು. ಒಂದೊಂದೇ ತೊಡಕು ಹೊರಬಿತ್ತು. ಡ್ರಮ್ಮಿನೊಳಗೆ ಮುಂದಿನ ಶೂವನ್ನು ಗಾಲಿಯ ತಿರುಗುವಿಕೆಯೇ ಒಳಗೆಳೆದು ಒತ್ತುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ, ಹೆಚ್ಚು ಒತ್ತಡ ಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದ್ದರಿಂದ ಹೆಚ್ಚು ಎಣ್ಣೆ ಬೇಡುತ್ತದೆ. ಮಾಸ್ಟರ್ ಸಿಲಿಂಡರ್ ಹಳೆಯ ಅಳತೆಯದು, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಯಿತು. ಗುಜರಿಯ ಕ್ಯಾಲಿಪರಿಗೆ ಹ್ಯಾಂಡ್ ಬ್ರೇಕಿನ ಕೊಂಡಿಯೇ ಇರಲಿಲ್ಲ. ಕಾರನ್ನು ನಿಲ್ಲಿಸಿದಾಗಲೆಲ್ಲ ಅಪ್ಪ ಗಾಲಿಗೆ ಕಲ್ಲು ಕೊಡಬೇಕಾಯಿತು.

ಭತ್ತ ಕೊಯ್ದ ಸಪಾಟು ಹೊಲದಲ್ಲಿ ಪರೀಕ್ಷೆ. ನೆಲಕ್ಕೆ ಎರಡು ಕೊಡ ನೀರು ಚೆಲ್ಲಿದರು. ಲೈಸೆನ್ಸ್ ಇದ್ದ ಮಗನೇ ಚಾಲಕ. ಮೂವತ್ತು ಕಿಲೋಮೀಟರ್ ವೇಗದಲ್ಲಿ ಬಂದು ಒತ್ತಿದ. ಹಿಂದಿನ ಗಾಲಿಗಳು ಮೊದಲು ಬಿಗಿದು ನಿಂತವು, ಮುಂದಿನವು ಇನ್ನೂ ಉರುಳುತ್ತಿದ್ದವು. ಕಾರಿನ ಬಾಲ ಒಮ್ಮೆಲೇ ಪಕ್ಕಕ್ಕೆ ಹೊರಳಿ, ಬಂದ ದಾರಿಯನ್ನೇ ನೋಡುತ್ತ ನಿಂತಿತು. ಬದುವಿನ ಮೇಲೆ ನಿಂತಿದ್ದ ಅವ್ವ ಸೆರಗು ಬಾಯಿಗೆ ಹಿಡಿದಳು.

ಮಗ ಇಳಿದು ಕೆಸರಿನಲ್ಲಿ ಮೂಡಿದ ಗುರುತನ್ನು ನೋಡಿದ. ಪುಸ್ತಕದ ಚಿತ್ರ ಈಗ ನೆಲದ ಮೇಲಿತ್ತು. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ನಿಂತಾಗ ಹೆಚ್ಚುಕಡಿಮೆ ಅರ್ಧರ್ಧ ಹಂಚಿದ್ದ ಭಾರ, ಒಣ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಮೂರರಲ್ಲಿ ಎರಡು ಪಾಲು ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಹಗುರಾದ ಹಿಂದಿನ ಗಾಲಿಗೆ ಬಲವಾದ ಬ್ರೇಕ್ ಕೊಟ್ಟರೆ ಅದು ಮೊದಲು ಜಾರುತ್ತದೆ. ಮುಂದಿನ ಗಾಲಿ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ; ಹಿಂದಿನದು ಜಾರಿದರೆ ಬುಗುರಿಯಾಗುತ್ತದೆ. ಅದೇ ಘಟ್ಟದಲ್ಲಿ, ಮಳೆಗಾಲದಲ್ಲಿ ಆಗಿದ್ದರೆ?

"ಆಗೂದಿಲ್ಲ ಅಂತಲ್ಲ ತಮ್ಮಾ," ಎಂದರು ಚಾಚಾ. "ಹಿಂದಿನ ಒತ್ತಡ ಕಡಿಮಿ ಮಾಡೋ ವಾಲ್ವ್ ಬೇಕು, ಸರಿಯಾದ ಸಿಲಿಂಡರ್ ಬೇಕು, ಹ್ಯಾಂಡ್ ಬ್ರೇಕ್ ಇರೋ ಕ್ಯಾಲಿಪರ್ ಬೇಕು. ಆರ್‌ಟಿಓದವರನ್ನ ಕೇಳಬೇಕು. ಒಂದು ಬದಲಿ ಮಾಡಿದ್ರ ನಾಕು ಬದಲಿ ಆಗ್ತಾವು." ಆ ಕೊನೆಯ ಮಾತೂ ಸಣ್ಣದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿನ ಬಗೆಗೇ ಇದೆ. ಹಳೆಯ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಉತ್ತರ ಕೊಡಬೇಕಾದವನು ಮಾಲೀಕ.

ಯಾರೂ ಹೇಳದೆಯೇ ಮಗ ಪಾನಾ ಕೈಗೆತ್ತಿಕೊಂಡ. ಡಿಸ್ಕ್ ಬಿಚ್ಚಿ, ಹೊಸ ಶೂ, ಹೊಸ ವ್ಹೀಲ್ ಸಿಲಿಂಡರ್ ಹಾಕಿ, ಡ್ರಮ್ಮನ್ನು ತಾನೇ ಕೂರಿಸಿದ. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿ ಮಾಡಿ ಏರಿನಲ್ಲಿ ನಿಲ್ಲಿಸಿ ನೋಡಿದ. ಅಪ್ಪ ಅಂದು ಗಾಲಿಗೆ ಕಲ್ಲು ಕೊಡಲಿಲ್ಲ. ಹಳೆಯ ಎಣ್ಣೆಯ ಸಂಗತಿಯನ್ನು ಮಗ ಒಂದು ಸಲವೂ ಎತ್ತಿ ಆಡಲಿಲ್ಲ. ಗೋಣಿಚೀಲದ ದುಡ್ಡಿನ ಸಂಗತಿಯನ್ನು ಅಪ್ಪನೂ ಆಡಲಿಲ್ಲ. ಕಾರಿನ ಕಪಾಟಿನಲ್ಲಿ ಒಂದು ಸಣ್ಣ ವಹಿ ಮಾತ್ರ ಹೊಸದಾಗಿ ಬಂತು. ಮೊದಲ ಸಾಲಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದ ತಾರೀಖು ಮಗನ ಕೈಬರಹದಲ್ಲಿದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಗೋಕರ್ಣ. ದೇವಿಮನೆಯ ನೆತ್ತಿಯಲ್ಲಿ ಅಪ್ಪ ಕಾರು ನಿಲ್ಲಿಸಿ ಇಳಿದ. ಕೀಲಿಕೈಯನ್ನು ಮಗನಿಗೆ ಕೊಟ್ಟು ಹಿಂದಿನ ಸೀಟಿಗೆ ಹೋಗಿ ಅಜ್ಜಿಯ ಪಕ್ಕ ಕುಳಿತ. ಮಗ ಹ್ಯಾಂಡ್ ಬ್ರೇಕನ್ನು ಒಮ್ಮೆ ಎಳೆದು ನೋಡಿ, ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿದ. ಎಂಜಿನ್ನೇ ಗಾಡಿಯನ್ನು ಹಿಡಿದಿತ್ತು. ಕಾಲಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ಕುಮಟಾ ಬರುವಷ್ಟರಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದ.